ಕಿವಿ ತೆಗೆದಿಟ್ಟ ಮೇಲೆ

ಕಿವಿಗೆ ಮಷಿನ್ ಹಾಕಿಕೊಂಡವರನ್ನು ಜನ ಕೇಳುವ ಪ್ರಶ್ನೆಗಳೆಲ್ಲ ಹಗಲಿನವು. ಫೋನಿನಲ್ಲಿ ಸರಿಯಾಗಿ ಕೇಳುತ್ತದಾ, ಮದುವೆಮನೆ ಗಲಾಟೆಯಲ್ಲಿ ಏನು ಮಾಡುತ್ತೀರಿ, ಮಳೆಗೆ ನೆಂದರೆ ಹಾಳಾಗುವುದಿಲ್ಲವಾ, ಎಷ್ಟು ಬಿತ್ತು. ರಾತ್ರಿ ಹೇಗೆ ಎಂದು ಯಾರೂ ಕೇಳುವುದಿಲ್ಲ. ಮಲಗುವ ಹೊತ್ತಿಗೆ ತೆಗೆದಿಡುತ್ತಾರೆ, ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ದಿನದ ಮೂರನೇ ಒಂದು ಪಾಲನ್ನು ನಾವು ಮಷಿನ್ ಇಲ್ಲದೆಯೇ ಕಳೆಯುತ್ತೇವೆ. ಮಗು ಬೆಚ್ಚಿ ಅಳುವುದು, ಹಿರಿಯರಿಗೆ ಉಸಿರು ಹಿಡಿಯುವುದು, ದೂರದೂರಿಂದ ಸಾವಿನ ಸುದ್ದಿ ಬರುವುದು ಎಲ್ಲ ಹೆಚ್ಚಾಗಿ ಆ ಪಾಲಿನಲ್ಲೇ. ನನ್ನ ಮಟ್ಟಿಗಂತೂ ಈ ಮಷಿನ್ ಜೊತೆಗಿನ ಬಾಳು ಏನೆಂದು ತಿಳಿದದ್ದು ರಾತ್ರಿಗಳಲ್ಲಿ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ನಲವತ್ತು ದಾಟುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗಿಯರ ಉತ್ತರ ನನ್ನವರೆಗೆ ಬರುವುದು ನಿಂತಿತು. ದನಿ ಒಡೆದ ಹುಡುಗರ ಮಾತು ಕೇಳುತ್ತಿತ್ತು, ಹುಡುಗಿಯರದು ತುಟಿ ಅಲುಗಿದ್ದು ಮಾತ್ರ ಕಾಣುತ್ತಿತ್ತು. ಅಪ್ಪನಿಗೂ ದೊಡ್ಡಪ್ಪನಿಗೂ ಹೆಚ್ಚುಕಡಿಮೆ ಇದೇ ವಯಸ್ಸಿನಲ್ಲಿ ಕಿವಿ ಮಂದವಾಗಿದ್ದರಿಂದ ಮನೆಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. "ಮೈಸೂರಿಗೆ ಹೋಗಿ ತೋರಿಸ್ಕೊಂಡು ಬನ್ನಿ" ಎಂದು ಹೆಂಡತಿ ಹೇಳಿದಳು. ಮೈಸೂರು ಎಂದರೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. 1960ರ ದಶಕದಿಂದ ಕರ್ನಾಟಕದ ಮೂಲೆ ಮೂಲೆಯವರು, ಹೊರರಾಜ್ಯದವರು ಕೂಡ, ಮಕ್ಕಳನ್ನು ಎತ್ತಿಕೊಂಡು, ಮುದುಕರನ್ನು ಕೈಹಿಡಿದುಕೊಂಡು ಹೋಗಿ ಸಾಲಿನಲ್ಲಿ ಕೂರುವ ಜಾಗ ಅದು.

ದಪ್ಪ ಬಾಗಿಲಿನ ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಎಷ್ಟೇ ಸಣ್ಣಗೆ ಕೇಳಿದರೂ ಒತ್ತಬೇಕು. 250 ಹರ್ಟ್ಸಿನ ಗುಂಯ್ ಎನ್ನುವ ಸದ್ದಿನಿಂದ 8000 ಹರ್ಟ್ಸಿನ ಕೀಚು ಸದ್ದಿನವರೆಗೆ ಒಂದೊಂದೇ ಕಳಿಸುತ್ತಾರೆ. ಹೊರಗೆ ಬಂದಾಗ ಕಾಗದದ ಮೇಲೆ ಬಲಗಿವಿಗೆ ಕೆಂಪು ಸೊನ್ನೆಗಳು, ಎಡಗಿವಿಗೆ ನೀಲಿ ಇಂಟು ಗುರುತುಗಳು. ಎರಡೂ ಗೆರೆ ಎಡದಿಂದ ಬಲಕ್ಕೆ ಇಳಿಯುತ್ತಾ ಹೋಗಿದ್ದವು. ಗಣಿತದ ಮೇಷ್ಟ್ರಿಗೆ ಗ್ರಾಫ್ ವಿವರಿಸಬೇಕಾಗಲಿಲ್ಲ. ತಗ್ಗು ಸದ್ದು ಇನ್ನೂ ಉಳಿದಿದೆ, ಏರು ಸದ್ದು ಹೋಗಿದೆ. ಮಾತಿನ ಗಟ್ಟಿತನ ಇರುವುದು ಸ್ವರಗಳಲ್ಲಿ, ಅವು ತಗ್ಗಿನವು. ಮಾತನ್ನು ಮಾತಾಗಿಸುವ ಸ, ಶ, ತ, ಕ ಮೊದಲಾದವು ಏರಿನಲ್ಲಿವೆ, ಬಲದಲ್ಲಿ ಕ್ಷೀಣ. ಹಾಗಾಗಿ ಯಾರೋ ಮಾತಾಡುತ್ತಿದ್ದಾರೆಂದು ತಿಳಿಯುತ್ತದೆ, ಏನು ಎಂದು ತಿಳಿಯುವುದಿಲ್ಲ.

ಆ ಕಾಗದದಲ್ಲಿದ್ದ ಸಂಖ್ಯೆ ಬರಬರುತ್ತಾ ಹೆಚ್ಚಿ, ಎರಡೂ ಕಿವಿಯಲ್ಲಿ 60 ಡೆಸಿಬೆಲ್ ದಾಟಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬೆಲ್ ನಷ್ಟವಾದವರನ್ನು ಮಂದಶ್ರವಣದವರೆಂದೂ, 70 ಆದವರನ್ನು ಕಿವುಡರೆಂದೂ ಎಣಿಸುತ್ತದೆ. ಎದುರು ಕೂತು ಆಡುವ ಸಾಮಾನ್ಯ ಮಾತು ಸುಮಾರು 60 ಡೆಸಿಬೆಲ್ ಇರುತ್ತದೆ. ಕಾಯ್ದೆಯ ಪ್ರಕಾರ ನಾನು ಮಂದಶ್ರವಣದವನು, ಮಷಿನ್ ಹಾಕಿಕೊಂಡಾಗ ಬಹುಮಟ್ಟಿಗೆ ಎಲ್ಲರಂತೆ, ರಾತ್ರಿ ಹತ್ತರಿಂದ ಬೆಳಗಿನವರೆಗೆ ಕಿವುಡ. ಯಾವ ಸರ್ಟಿಫಿಕೇಟಿನಲ್ಲೂ ಈ ಹೊತ್ತುಗಳ ಲೆಕ್ಕ ಇರುವುದಿಲ್ಲ.

ಮಷಿನ್ ಕೊಂಡದ್ದು ಊರಿಗೆ ಹತ್ತಿರವಾಗಲೆಂದು ಬೇರೆ ಕಡೆ. ಕಿವಿಯ ಹಿಂದೆ ಕೂರುವ ಮಾದರಿ. ದಾರ ಕಟ್ಟಿದ ಹತ್ತಿಯುಂಡೆಯನ್ನು ಕಿವಿಯೊಳಗಿಟ್ಟು, ಮೆತ್ತನೆಯ ಸಿಲಿಕೋನ್ ತುಂಬಿ, ಗಟ್ಟಿಯಾದ ಮೇಲೆ ಎಳೆದು ತೆಗೆದು ಅಚ್ಚು ಮಾಡಿದರು. ಹಾಕಿಕೊಳ್ಳುವುದು, ತೆಗೆಯುವುದು, ದನಿ ಏರಿಸುವುದು, ಇಳಿಸುವುದು ಎಲ್ಲ ತೋರಿಸಿದರು. ರಾತ್ರಿಯ ಬಗ್ಗೆ ಹೇಳಿದ್ದು ಇಷ್ಟು: "ಮಲಗುವಾಗ ತೆಗೆದಿಡಿ ಸಾರ್. ಸೆಲ್ ಬಾಗಿಲು ತೆರೆದಿಡಿ." ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ತೆಗೆದಿಟ್ಟ ಮೇಲೆ ನಾನು ಏನು ಮಾಡಬೇಕು ಎಂಬುದು ಅವರ ಮಾತಿನಲ್ಲಿ ಇರಲಿಲ್ಲ. ಮಷಿನ್ ರಾತ್ರಿಯನ್ನು ಹೇಗೆ ಕಳೆಯಬೇಕೆಂದು ಹೇಳಿದರು, ಮನುಷ್ಯನ ವಿಷಯ ಬರಲೇ ಇಲ್ಲ.

ಹಗಲೆಲ್ಲ ಕೇಳಿಸಿಕೊಂಡು ರಾತ್ರಿ ಅದನ್ನು ಕಳಚಿದಾಗ ಆಗುವ ಮೌನ, ಮಷಿನ್ ಇಲ್ಲದ ಕಾಲದಲ್ಲಿದ್ದ ಮೌನಕ್ಕಿಂತ ಗಾಢ. ಮೊದಲು ಕಿವಿ ಮೆಲ್ಲಮೆಲ್ಲನೆ ಮಂದವಾಗುತ್ತಾ ಬಂದಿತ್ತು, ಏನು ಹೋಯಿತು ಎಂದು ಗೊತ್ತೇ ಆಗಿರಲಿಲ್ಲ. ಈಗ ಪ್ರತಿ ರಾತ್ರಿ ಒಂದೇ ಗಳಿಗೆಯಲ್ಲಿ ಫ್ಯಾನು, ಗಡಿಯಾರ, ಹಿತ್ತಿಲ ಕಪ್ಪೆ, ಅಡುಗೆಮನೆಯಲ್ಲಿ ಪಾತ್ರೆ ಬೋರಲು ಹಾಕುವ ಸದ್ದು ಎಲ್ಲ ಒಟ್ಟಿಗೆ ನಿಲ್ಲುತ್ತವೆ. ಅವು ನಿಂತ ಜಾಗದಲ್ಲಿ ಕಿವಿಯೊಳಗಿನ ಮೊರೆತ ಎದ್ದು ಕೂರುತ್ತದೆ. ನನ್ನದು ಏಪ್ರಿಲ್ ತಿಂಗಳ ಕಾಡಿನ ಜೀರುಂಡೆಯಂಥ ಮೊರೆತ, ಎಡೆಬಿಡದ್ದು. ಕಿವಿ ಮಂದವಾದ ಅನೇಕರಿಗೆ ಇದು ಇರುತ್ತದೆ. ಹೊರಗಿನ ಸದ್ದು ಇರುವಾಗ ಹಿಂದೆ ಸರಿದಿರುತ್ತದೆ, ಅದು ತಗ್ಗಿದಾಗ ಮುಂದೆ ಬರುತ್ತದೆ. ಕೆಲವರು ನಿದ್ದೆ ಹತ್ತುವವರೆಗೂ ಮಷಿನ್ ತೆಗೆಯದೆ ಒರಗಿ ಕೂತಿರುವುದು ಇದೇ ಕಾರಣಕ್ಕೆ. ನಾನೂ ಪುಸ್ತಕ ಹಿಡಿದು ಹಾಗೆ ಕೂತಿದ್ದುಂಟು. ಕಣ್ಣು ಮುಚ್ಚಿಹೋಗುತ್ತದೆ ಎನ್ನುವಾಗ ತೆಗೆದಿಟ್ಟರೆ ಮೊರೆತಕ್ಕೆ ಹೆಚ್ಚು ಅವಕಾಶ ಸಿಗುವುದಿಲ್ಲ.

ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಗಂಡ ಹೆಂಡತಿ ದೀಪ ಆರಿಸಿದ ಮೇಲೆ ಆಡುವ ಮಾತು ನಮ್ಮಿಬ್ಬರ ನಡುವೆ ನಿಂತುಹೋಯಿತು. ಯಾರ ಮನೆಯಲ್ಲಾದರೂ ಮುಖ್ಯ ಮಾತೆಲ್ಲ ನಡೆಯುವುದು ಆಗಲೇ. ಮಗಳ ಮದುವೆ ಮಾತು, ಸೊಸೈಟಿಯ ಸಾಲ, ತಮ್ಮನ ಮನೆಯವರು ಬೇಸರ ಮಾಡಿಕೊಂಡದ್ದು, ಎದುರಾಬದುರು ಕೂತು ಹೇಳಲಾಗದ್ದೆಲ್ಲ ಕತ್ತಲಲ್ಲಿ ಸಲೀಸಾಗಿ ಬರುತ್ತದೆ. ನನಗೆ ಕತ್ತಲಲ್ಲಿ ತುಟಿ ಕಾಣುವುದಿಲ್ಲ, ಮಷಿನ್ ಪೆಟ್ಟಿಗೆಯಲ್ಲಿ. ಹೆಂಡತಿ ಮೊದಮೊದಲು ದೀಪ ಹಾಕಿ, ನನ್ನನ್ನು ಎಬ್ಬಿಸಿ, ಗಟ್ಟಿಯಾಗಿ ಹೇಳುತ್ತಿದ್ದಳು. ಗಟ್ಟಿಯಾಗಿ ಹೇಳಿದರೆ ಪಕ್ಕದ ಕೋಣೆಯ ಅಮ್ಮನಿಗೆ ಕೇಳುತ್ತದೆ. ಆಮೇಲೆ ಅವಳೇ ಒಂದು ದಾರಿ ಕಂಡುಕೊಂಡಳು. ನನ್ನ ಅಂಗೈ ಬಿಡಿಸಿ ಬೆರಳಿನಲ್ಲಿ ಬರೆಯತೊಡಗಿದಳು. ಅಂಗನವಾಡಿಯಲ್ಲಿ ಮಕ್ಕಳ ಕೈಹಿಡಿದು ಅಕ್ಷರ ತಿದ್ದಿಸಿದ ಕೈ ಅವಳದು. ಉದ್ದ ಮಾತಿಲ್ಲ. 'ನಾಳೆ ಹಣ', 'ಅಮ್ಮ ಊಟ ಬಿಟ್ಟರು', 'ನಿದ್ದೆ ಬಂತಾ'. ಒತ್ತಕ್ಷರ ಬಂದಾಗ ನಾನು ತಪ್ಪು ಓದುತ್ತಿದ್ದೆ, ಅವಳು ಅಂಗೈ ಒರೆಸಿ ಮತ್ತೆ ಬರೆಯುತ್ತಿದ್ದಳು. ನಾನು ಬಾಯಲ್ಲೇ ಪಿಸುಗುಟ್ಟಿ ಉತ್ತರ ಕೊಡುತ್ತಿದ್ದೆ. ನನ್ನ ಪಿಸುಮಾತು ಜೋರಾದರೆ ಅವಳು ಮಣಿಕಟ್ಟು ಅದುಮುತ್ತಿದ್ದಳು. ನಮ್ಮ ಸಂಸಾರದ ಎಷ್ಟೋ ತೀರ್ಮಾನಗಳು ಆಮೇಲೆ ಹೀಗೆಯೇ ಆದವು.

ಇನ್ನು ಮಷಿನ್ನಿನ ರಾತ್ರಿ. ಬಯಲುಸೀಮೆಯಲ್ಲಿ ಇರುವವರಿಗೆ ಇದು ಅಷ್ಟಾಗಿ ಕಾಡಲಿಕ್ಕಿಲ್ಲ. ನಮಗೆ ಆಗುಂಬೆ ದೂರವಲ್ಲ, ಅಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಯಲ್ಲಿ ಒಣಗಿದ್ದು ಎಂಬ ವಸ್ತುವೇ ಇರುವುದಿಲ್ಲ. ಪುಸ್ತಕದ ರಟ್ಟು ಬೂಷ್ಟು ಹಿಡಿಯುತ್ತದೆ, ಚಪ್ಪಲಿಯೂ ಹಿಡಿಯುತ್ತದೆ, ಬಟ್ಟೆಯನ್ನು ಬಚ್ಚಲೊಲೆಯ ಮೇಲಿನ ಗಳುವಿನಲ್ಲಿ ಹರವಬೇಕು. ಇಂಥ ಕಡೆ ಕಿವಿಯ ಹಿಂದೆ ಬೆವರಿನಲ್ಲಿ ದಿನವಿಡೀ ಕೂತ ಯಂತ್ರ ಅದು. ಒಂದು ಸಂಜೆ ಪಾಠದ ನಡುವೆ ಬಲಗಿವಿ ಸತ್ತುಹೋಯಿತು. ಹೊಸ ಸೆಲ್ ಹಾಕಿದರೂ ಸದ್ದಿಲ್ಲ. ಮನೆಗೆ ಬಂದು ಅಚ್ಚನ್ನು ದೀಪಕ್ಕೆ ಹಿಡಿದು ನೋಡಿದೆ. ಮಷಿನ್ನಿನಿಂದ ಅಚ್ಚಿಗೆ ಇಳಿಯುವ ಪಾರದರ್ಶಕ ಕೊಳವೆ ಇದೆಯಲ್ಲ, ಅದರ ಬಾಗಿನಲ್ಲಿ ಸಾಸಿವೆಗಿಂತ ಸಣ್ಣದೊಂದು ನೀರಿನ ಹನಿ ನಿಂತಿತ್ತು. ಕಿವಿಯ ಬಿಸಿಗೆ ಎದ್ದ ಆವಿ ಹೊರಗಿನ ಥಂಡಿಗೆ ಹನಿಗಟ್ಟಿದ್ದು. ಕೊಳವೆಯನ್ನು ಅದರ ಕೊಂಡಿಯಿಂದ ಬಿಡಿಸಿ, ರಬ್ಬರ್ ಬುರುಡೆಯ ಬ್ಲೋಯರ್ ಇಟ್ಟು ಒತ್ತಿದಾಗ ಹನಿ ಹಾರಿಹೋಯಿತು, ಕಿವಿ ಮರಳಿತು. ಆ ಹನಿಗಾಗಿ ಕೆಲವರು ಶಿವಮೊಗ್ಗಕ್ಕೆ ಬಸ್ಸು ಹತ್ತಿ ಹೋಗಿ ಇಡೀ ದಿನ ಕಳೆದು ಬಂದದ್ದನ್ನು ನಾನು ಬಲ್ಲೆ.

ಅಂದಿನಿಂದ ರಾತ್ರಿಯ ಕೆಲಸಕ್ಕೆ ಒಂದು ಕ್ರಮ ಬಂತು. ಊಟವಾಗಿ ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು, ಹಾಸಿಗೆಯ ಮೇಲೆ ಟವಲ್ ಹಾಸಿ ಕೂರುತ್ತೇನೆ. ಕೈಜಾರಿದರೆ ನೆಲಕ್ಕೆ ಬೀಳಬಾರದು, ಅದಕ್ಕೆ ಟವಲ್. ಒಣ ಬಟ್ಟೆಯಿಂದ ಮಷಿನ್ ಒರೆಸುವುದು, ಮೈಕಿನ ಸಣ್ಣ ತೂತುಗಳ ಮೇಲೆ ಬ್ರಶ್ ಆಡಿಸುವುದು, ಅಚ್ಚಿನ ತುದಿಯ ಗುಗ್ಗೆ ತೆಗೆಯುವುದು. ವಾರಕ್ಕೊಮ್ಮೆ ಅಚ್ಚನ್ನು ಮಾತ್ರ ಬಿಡಿಸಿ, ಉಗುರುಬೆಚ್ಚನೆಯ ಸೋಪು ನೀರಿನಲ್ಲಿ ತೊಳೆದು, ಕೊಳವೆಯೊಳಗಿನ ನೀರು ಊದಿ, ರಾತ್ರಿಯಿಡೀ ಆರಲು ಬಿಡುತ್ತೇನೆ. ಮಷಿನ್‌ಗೆ ನೀರು ತಾಗಬಾರದು, ಸ್ಪಿರಿಟ್ಟೂ ಬೇಡ. ಆಮೇಲೆ ಸಿಲಿಕಾ ಮಣಿ ತುಂಬಿದ ಬಿಗಿಮುಚ್ಚಳದ ಡಬ್ಬಿ. ಮಣಿಗಳು ಕಿತ್ತಳೆ ಬಣ್ಣದಲ್ಲಿದ್ದರೆ ತೇವ ಹೀರುತ್ತವೆ, ಕಡುಹಸಿರಾದರೆ ಹೊಟ್ಟೆ ತುಂಬಿತೆಂದು ಅರ್ಥ, ಬಿಸಿ ಮಾಡಿ ಒಣಗಿಸಿದರೆ ಮತ್ತೆ ಕಿತ್ತಳೆಯಾಗುತ್ತವೆ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಬರುವ ಮಣಿಗಳು ನಮ್ಮಲ್ಲಿ ಆಷಾಢದಲ್ಲಿ ವಾರ ತುಂಬುವುದರೊಳಗೆ ಹಸಿರಾಗುತ್ತವೆ. ಅಕ್ಕಿ ಡಬ್ಬದಲ್ಲಿ ಹೂತಿಡುವ ರೂಢಿಯೂ ಕೆಲವರಲ್ಲಿದೆ, ಅಕ್ಕಿಯ ಹುಡಿ ಮೈಕಿನ ತೂತಿಗೆ ಹೋಗುತ್ತದೆ, ಬೇಡ. ಬಚ್ಚಲೊಲೆಯ ಹತ್ತಿರವೂ ಬೇಡ, ಅಲ್ಲಿ ಬಿಸಿಯ ಜೊತೆ ಹೊಗೆ, ಆವಿ ಎರಡೂ ಇರುತ್ತವೆ.

ಸೆಲ್ಲಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬಾಗಿಲು ಏಕೆ ತೆರೆದಿಡಬೇಕು ಎಂದು ಕೇಳಿದವರಿಗೆ ಅಂಗಡಿಗಳಲ್ಲಿ ಉತ್ತರ ಸಿಗುವುದು ಕಡಿಮೆ. ನನ್ನದಕ್ಕೆ ಬರುವುದು 13 ನಂಬರಿನ, ಕಿತ್ತಳೆ ಅಂಟುಪಟ್ಟಿಯ ಸೆಲ್. ಒಳಗಿರುವುದು ಸತು. ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ವಿದ್ಯುತ್ ಹುಟ್ಟಿಸುತ್ತದೆ. ಪಟ್ಟಿ ಕಿತ್ತ ಮೇಲೆ ಕಾಣುವ ಸೂಜಿಮೊನೆಯಷ್ಟು ತೂತುಗಳಿಂದ ಗಾಳಿ ಒಳಗೆ ಹೋಗಬೇಕು. ಆದ್ದರಿಂದ ಪಟ್ಟಿ ಕಿತ್ತ ಕೂಡಲೇ ತುರುಕದೆ ಒಂದೆರಡು ನಿಮಿಷ ಬಿಟ್ಟು ಹಾಕಿದರೆ ಅದು ಚೆನ್ನಾಗಿ ಬಾಳುತ್ತದೆ. ಒಮ್ಮೆ ಕಿತ್ತ ಪಟ್ಟಿಯನ್ನು ಮತ್ತೆ ಅಂಟಿಸಿದರೆ ಉಳಿತಾಯವೇನೂ ಆಗದು, ಬಳಸದಿದ್ದರೂ ಸವೆಯುತ್ತಲೇ ಇರುತ್ತದೆ. ರಾತ್ರಿ ಬಾಗಿಲು ತೆರೆದಿಟ್ಟರೆ ಮಷಿನ್ ಬಂದ್ ಆಗಿ ಸೆಲ್ ಉಳಿಯುತ್ತದೆ, ಒಳಗೆ ಸೇರಿದ ತೇವಕ್ಕೂ ಹೊರದಾರಿ ಸಿಗುತ್ತದೆ. ಸಿಲಿಕಾ ಡಬ್ಬಿಗೆ ಹಾಕುವಾಗ ಸೆಲ್ಲನ್ನು ಹೊರಗೆ ತೆಗೆಯಬೇಕು, ಇಲ್ಲದಿದ್ದರೆ ಅದರೊಳಗಿನ ದ್ರವವೂ ಒಣಗುತ್ತದೆ. ಈಗ ಚಾರ್ಜ್ ಮಾಡುವ ಮಷಿನ್‌ಗಳು ಬಂದಿವೆ, ರಾತ್ರಿ ಗೂಡಿನಲ್ಲಿಟ್ಟರೆ ಬೆಳಗ್ಗೆ ಸಿದ್ಧ. ಬೆರಳು ನಡುಗುವ ಹಿರಿಯರಿಗೆ ಅವು ನಿಜಕ್ಕೂ ಅನುಕೂಲ. ಆದರೆ ಮಳೆಗಾಲದಲ್ಲಿ ಎರಡು ದಿನ ಕರೆಂಟು ಬಾರದ ಊರಿನಲ್ಲಿ ನಾನು ಇನ್ನೂ ಕಿತ್ತಳೆ ಸೆಲ್ಲನ್ನೇ ನಂಬಿದ್ದೇನೆ. ತೆಗೆದ ಸೆಲ್ಲನ್ನು ಮೇಜಿನ ಮೇಲೆ ಎಲ್ಲೆಂದರಲ್ಲಿ ಇಡಬಾರದು. ಮಗುವಿರುವ ಮನೆಯಾದರೆ ಎತ್ತರದ ಕಪಾಟಿನಲ್ಲೇ ಇರಬೇಕು. ಮಗು ನುಂಗಿತೆಂದು ಅನುಮಾನ ಬಂದರೂ ಸಾಕು, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡಬೇಕು.

ಕರೆಂಟಿನ ಮಾತು ಬಂತು. ಕಿವಿ ಕೇಳುವವರಿಗೆ ಕರೆಂಟು ಹೋದರೆ ಕತ್ತಲೆ ಅಷ್ಟೇ. ನನಗೆ ರಾತ್ರಿ ಕರೆಂಟು ಹೋದರೆ ಜಗತ್ತೇ ಕಡಿದುಹೋಗುತ್ತದೆ. ಮನೆಯವರು ಎದ್ದಿದ್ದಾರೋ ಮಲಗಿದ್ದಾರೋ, ಮರ ಬಿದ್ದದ್ದು ತೋಟದಲ್ಲೋ ಮನೆಯ ಮೇಲೋ ತಿಳಿಯದೆ ಹಾಸಿಗೆಯಲ್ಲಿ ಕೂತು ನೆಲದ ಅದುರಿಗಾಗಿ ಅಂಗಾಲು ಊರಿದ್ದೇನೆ. ಹಳೆಯ ಮರದ ಅಟ್ಟದ ಮನೆಯಾದ್ದರಿಂದ ಯಾರಾದರೂ ನಡೆದರೆ ಹಲಗೆ ಹೇಳುತ್ತದೆ. ಅದಕ್ಕಾಗಿ ದಿಂಬಿನ ಬಲಕ್ಕೆ ಟಾರ್ಚು, ಎಡಕ್ಕೆ ಡಬ್ಬಿ, ಈ ಎರಡರ ಜಾಗವನ್ನು ನಾನು ಎಂದೂ ಬದಲಿಸುವುದಿಲ್ಲ, ಬೇರೆಯವರಿಗೂ ಮುಟ್ಟಲು ಬಿಡುವುದಿಲ್ಲ.

ಇದೆಲ್ಲ ನನ್ನೊಬ್ಬನ ಪಾಡಾಗಿದ್ದಷ್ಟು ದಿನ ಹೇಗೋ ನಡೆಯುತ್ತಿತ್ತು. ಅಮ್ಮ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಬೇರೆಯೇ ಕಾಲ ಬಂತು. ಆಪರೇಷನ್ ಆಯಿತು, ಆದರೆ ನಡೆದಾಡುವಷ್ಟು ಶಕ್ತಿ ಮರಳಲಿಲ್ಲ. ರಾತ್ರಿ ನೀರು ಕೊಡಬೇಕು, ಮೂತ್ರಕ್ಕೆ ಎಬ್ಬಿಸಬೇಕು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸಬೇಕು. ಕೇಳಿಸಿಕೊಳ್ಳುವ ಕೆಲಸ ಹೆಂಡತಿಯದು, ಎತ್ತಿ ಕೂರಿಸುವುದು ನನ್ನದು. ಅಮ್ಮ ಕರೆದರೆ ಅವಳು ನನ್ನ ಭುಜ ತಟ್ಟುತ್ತಿದ್ದಳು. ಅಷ್ಟರಲ್ಲಿ ಮಗಳ ಹೆರಿಗೆ ಬಂತು. ಬಾಣಂತನಕ್ಕೆ ಹೆಂಡತಿ ಬೆಂಗಳೂರಿಗೆ ಹೋಗಲೇಬೇಕಿತ್ತು. ಹಗಲು ನೆರವಿಗೆ ಬರುತ್ತಿದ್ದ ಹೆಂಗಸು ಸಂಜೆ ಮನೆಗೆ ಹೋಗುವವಳು. ಶ್ರಾವಣದ ಮಳೆಯಲ್ಲಿ, ಆ ಮನೆಯಲ್ಲಿ, ರಾತ್ರಿ ಅಮ್ಮ ಮತ್ತು ನಾನು ಇಬ್ಬರೇ.

ಅಮ್ಮನ ಕೋಣೆಯಲ್ಲೇ ಹಾಸಿಗೆ ಹಾಕಿಕೊಂಡೆ. ಬಲಗಿವಿಯ ಮಷಿನ್ ತೆಗೆಯದೆ ಎಡಮಗ್ಗುಲಾಗಿ ಮಲಗಿದೆ. ರಾತ್ರಿ ಮಷಿನ್ ಹಾಕಬಾರದೆಂದು ನನಗೆ ಗೊತ್ತಿತ್ತು, ಆದರೆ ಅಮ್ಮ ಕರೆದದ್ದು ಕೇಳದಿರುವುದು ಅದಕ್ಕಿಂತ ಕೆಟ್ಟದ್ದು. ನಿದ್ದೆಯಲ್ಲಿ ಹೊರಳಿದಾಗ ದಿಂಬು ಅಚ್ಚನ್ನು ಒತ್ತುತ್ತಿತ್ತು, ಮಷಿನ್ ಕೀಂಯ್ ಎಂದು ಕೂಗಲು ಶುರು ಮಾಡುತ್ತಿತ್ತು. ಹೊರಗೆ ಬಂದ ಸದ್ದು ಮತ್ತೆ ಮೈಕಿಗೆ ಹೊಕ್ಕು ಸುತ್ತುವಾಗ ಏಳುವ ಕೂಗು ಅದು, ಏರು ಕಂಪನದ್ದು. ನನ್ನ ಕಿವಿ ಕಳೆದುಕೊಂಡದ್ದು ಆ ಕಂಪನವನ್ನೇ. ಹಾಗಾಗಿ ನನ್ನ ತಲೆಯ ಪಕ್ಕದಲ್ಲೇ ಕೂಗುತ್ತಿದ್ದರೂ ನನಗೆ ಕೇಳುತ್ತಿರಲಿಲ್ಲ, ಅಮ್ಮನಿಗೆ ಮಾತ್ರ ಕೇಳುತ್ತಿತ್ತು. ಬೆಳಗ್ಗೆ ಹೇಳುತ್ತಿದ್ದಳು, "ರಾತ್ರಿಯೆಲ್ಲ ಅದು ಕೂಗ್ತಾ ಇತ್ತು ಮಗಾ. ನಿಂಗೆ ನಿದ್ದೆ ಬಂದಿದೆಯಲ್ಲ ಅಂತ ನಾನು ಸುಮ್ನಿದ್ದೆ." ಬೇಕಾದ್ದನ್ನು ಕೇಳದೆ ಸುಮ್ಮನೆ ಬಿದ್ದುಕೊಂಡಿದ್ದಳು ಎಂಬುದು ಆ ಮಾತಿನ ಒಳಗಿತ್ತು.

ಮಳೆ ಹೊಡೆಯುವ ರಾತ್ರಿಗಳಲ್ಲಿ ಮಷಿನ್ ಇದ್ದೂ ಪ್ರಯೋಜನವಿರಲಿಲ್ಲ. ಹಂಚಿನ ಮೇಲೆ ಬೀಳುವ ಮಳೆಯನ್ನೂ ಅಮ್ಮನ ದನಿಯನ್ನೂ ಅದು ಒಟ್ಟಿಗೆ ಹಿಗ್ಗಿಸುತ್ತದೆ. ಮಳೆ ದೊಡ್ಡದು, ಅಮ್ಮನ ದನಿ ಸಣ್ಣದು. ಶ್ರಾವಣ ಕಳೆಯುವುದರೊಳಗೆ ಬಲಗಿವಿ ಕೆರೆಯತೊಡಗಿತು, ಆಮೇಲೆ ನೋವು, ನೀರು ಸೋರುವುದು. ಶಿವಮೊಗ್ಗದ ಕಿವಿ ಡಾಕ್ಟರು ಕಪ್ಪು ಚುಕ್ಕೆಯ ಬಿಳಿ ಬೂಷ್ಟನ್ನು ಕಿವಿಯೊಳಗಿಂದ ಹೀರಿ ತೆಗೆದರು. "ಹಗಲು ರಾತ್ರಿ ಬಿರಡೆ ಹಾಕಿದ ಹಾಗೆ ಮುಚ್ಚಿಟ್ರೆ ಒಳಗಿನ ಚರ್ಮಕ್ಕೆ ಗಾಳಿ ಬೇಡ್ವಾ ಮೇಷ್ಟ್ರೇ? ಮಳೆಗಾಲದಲ್ಲಿ ನಿಮ್ಮ ಕಡೆಯಿಂದ ಬರೋ ಕಿವಿಗಳಲ್ಲಿ ಇದನ್ನ ದಿನಾ ನೋಡ್ತೀನಿ" ಎಂದರು. ಹನಿ ಬರೆದುಕೊಟ್ಟು, ವಾಸಿಯಾಗುವವರೆಗೆ ಆ ಕಿವಿಗೆ ಅಚ್ಚು ಹಾಕುವಂತಿಲ್ಲ ಎಂದರು. ರಾತ್ರಿ ಮಷಿನ್ ತೆಗೆಯಬೇಕೆಂಬ ಮಾತಿನ ಹಿಂದಿನ ಕಾರಣ ಅಂದು ಮೈಗೆ ತಿಳಿಯಿತು. ಸೆಲ್ ಉಳಿಸಲಿಕ್ಕಿಂತ ಹೆಚ್ಚಾಗಿ ಕಿವಿಯ ಚರ್ಮ ಆರಲಿಕ್ಕೆ ಆ ಹೊತ್ತು ಬೇಕು.

ದಾರಿ ತೋರಿಸಿದ್ದು ಅಮ್ಮ. ಹಳೆಯ ಹತ್ತಿ ಸೀರೆಯ ಅಂಚನ್ನು ಉದ್ದಕ್ಕೆ ಹರಿಸಿದಳು. ಒಂದು ತುದಿ ತನ್ನ ಮಂಚದ ಸರಳಿಗೆ, ಕೈಗೆ ಸಿಗುವ ಹಾಗೆ. ಇನ್ನೊಂದು ತುದಿ ನನ್ನ ಎಡಗೈ ಮಣಿಕಟ್ಟಿಗೆ, ಎರಡು ಬೆರಳು ತೂರುವಷ್ಟು ಸಡಿಲವಾಗಿ. "ನಾನು ಎಳೀತೀನಿ, ನೀನು ಎದ್ದು ದೀಪ ಹಾಕು. ಕಿವಿ ತಂಟೆ ಬೇಡ." ಅಷ್ಟೇ ವ್ಯವಸ್ಥೆ. ಎದ್ದು ದೀಪ ಹಾಕಿದರೆ ಇನ್ನೊಂದು ತೊಡಕು ಇತ್ತು. ಅಮ್ಮ ರಾತ್ರಿ ಹಲ್ಲಿನ ಸೆಟ್ಟು ತೆಗೆದು ಬಟ್ಟಲಲ್ಲಿ ಹಾಕಿಡುವವಳು. ಹಲ್ಲಿಲ್ಲದ ಬಾಯಿಯ ತುಟಿ ಓದುವುದು ಕಷ್ಟ, ಎಲ್ಲ ಮಾತೂ ಒಂದೇ ಆಕಾರ. ಹಾಗಾಗಿ ಕೈಸನ್ನೆ ಬಂತು. ಹೆಬ್ಬೆರಳು ಬಾಯಿಗೆ ಹಿಡಿದರೆ ನೀರು, ಕಿರುಬೆರಳೆತ್ತಿದರೆ ಮೂತ್ರ, ಅಂಗೈ ಮಗುಚಿದರೆ ಮಗ್ಗುಲು. ಒಮ್ಮೊಮ್ಮೆ ಎಳೆದು ಎಬ್ಬಿಸಿ ಏನೂ ಬೇಡವೆಂದು ಕೈಯಾಡಿಸುತ್ತಿದ್ದಳು. ನಿದ್ದೆ ಬಾರದ ಮುದುಕಿಗೆ ಮಗ ಅಲ್ಲಿದ್ದಾನೆಂದು ನೋಡಬೇಕಿತ್ತು. ನಾನು ಅವಳ ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂರುತ್ತಿದ್ದೆ. ಅವಳು ಏನೇನೋ ಹೇಳುತ್ತಿದ್ದಳು, ಕೇಳದಿದ್ದರೂ ಹೂಂಗುಟ್ಟುತ್ತಿದ್ದೆ. ನನಗೆ ಕೇಳುತ್ತಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಇಬ್ಬರಿಗೂ ಆ ಮಾತುಕತೆ ಬೇಕಿತ್ತು.

ಆ ಸೀರೆಯಂಚು ಕಟ್ಟಿಕೊಂಡ ಮೇಲೆ ನಾನು ನಿಶ್ಚಿಂತೆಯಿಂದ ನಿದ್ದೆ ಮಾಡಿದೆ. ಅದುವರೆಗೆ ಕೇಳಿಸದೆ ಹೋದರೆ ಎಂಬ ದಿಗಿಲಿನಲ್ಲಿ ಅರೆಗಣ್ಣಿನಲ್ಲೇ ಇರುತ್ತಿದ್ದೆ. ಕೇಳಲಾಗದ್ದಕ್ಕಿಂತ ಆ ದಿಗಿಲೇ ಮನುಷ್ಯನನ್ನು ಹೆಚ್ಚು ಸವೆಸುತ್ತದೆ. ಎಷ್ಟೋ ತಾಯಂದಿರು, ಅದರಲ್ಲೂ ಕಿವಿ ಕೇಳದ ಬಾಣಂತಿಯರು, ಈ ದಿಗಿಲಿನಲ್ಲೇ ಮಗುವಿನ ಎದೆಯ ಮೇಲೆ ಕೈಯಿಟ್ಟು ರಾತ್ರಿ ಕಳೆಯುತ್ತಾರೆ. ದೀಪಾವಳಿಗೆ ಬಂದ ಮಗ ಒಂದು ಕರೆಗಂಟೆ ತಂದ. ಅಮ್ಮನ ಕೈಯಲ್ಲಿ ಗುಂಡಿ, ನನ್ನ ದಿಂಬಿನಡಿ ಅದುರುವ ಬಿಲ್ಲೆ. ತಂತಿಯಿಲ್ಲ, ಗುಂಡಿ ಒತ್ತಿದರೆ ಬಿಲ್ಲೆ ನಡುಗುತ್ತದೆ. ಅಲಾರಮ್ಮಿಗೂ ಅಂಥದ್ದೇ ಸಿಗುತ್ತದೆ, ಬಾಗಿಲ ಗಂಟೆ ಒತ್ತಿದರೆ ದೀಪ ಮಿನುಗುವಂಥದ್ದೂ ಸಿಗುತ್ತದೆ. ಈಗ ಕೈಗಡಿಯಾರದಲ್ಲೇ ಫೋನಿನ ಕರೆ ಅದುರುತ್ತದೆ. ಇವು ಮಷಿನ್ನಿನ ಬೆಲೆಯ ಮುಂದೆ ಏನೂ ಅಲ್ಲ. ನಾನು ಮಷಿನ್ ಕೊಂಡ ದಿನ ಇಂಥವು ಇವೆ ಎಂದು ಯಾರಾದರೂ ಹೇಳಿದ್ದರೆ ನಮ್ಮ ಮನೆಯ ಎಷ್ಟೋ ರಾತ್ರಿಗಳು ಬೇರೆ ಥರ ಇರುತ್ತಿದ್ದವು.

ಅಮ್ಮ ಹೋದದ್ದು ಮಾರನೆಯ ವರ್ಷ ಕಾರ್ತಿಕದಲ್ಲಿ, ಮಧ್ಯಾಹ್ನದ ಹೊತ್ತು. ಎರಡೂ ಕಿವಿಗೆ ಮಷಿನ್ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದೆ. ಕೊನೆಯ ಮಾತುಗಳು ಕೇಳಿದವು. ಅದು ನನಗೆ ದೊಡ್ಡ ಸಮಾಧಾನ.

ಆಸ್ಪತ್ರೆಯ ರಾತ್ರಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಹರ್ನಿಯಾ ಆಪರೇಷನ್ನಿಗೆ ಒಂದು ಆಸ್ಪತ್ರೆ ಸೇರಿದ್ದೆ. ಥಿಯೇಟರಿಗೆ ಹೋಗುವಾಗ ಉಂಗುರ, ಜನಿವಾರದ ಜೊತೆ ಮಷಿನ್ನನ್ನೂ ತೆಗೆಸಿ ಪೊಟ್ಟಣ ಕಟ್ಟಿದರು. ರಾತ್ರಿ ವಾರ್ಡಿನಲ್ಲಿ ಎಚ್ಚರವಾದಾಗ ಮಂಕು ದೀಪ, ಮಾಸ್ಕ್ ಹಾಕಿದ ಮುಖ ಬಗ್ಗಿ ಏನೋ ಕೇಳುತ್ತಿದೆ. ತುಟಿ ಕಾಣದು, ದನಿ ಕೇಳದು. ನಾನು ಕಿವಿ ತೋರಿಸಿದೆ, ಅವರು ಕಿವಿ ನೋಯುತ್ತಿದೆಯೆಂದು ತಿಳಿದರು. ಬೆಳಗ್ಗೆ ಹೆಂಡತಿ ಬಂದು ನೋಡಿದರೆ ಕೇಸ್ ಶೀಟಿನಲ್ಲಿ, ರೋಗಿ ಗೊಂದಲದಲ್ಲಿದ್ದಾರೆ, ಪ್ರಶ್ನೆಗೆ ಸರಿಯಾಗಿ ಉತ್ತರಿಸುತ್ತಿಲ್ಲ ಎಂದು ಬರೆದಿತ್ತು. ನನ್ನ ತಲೆ ನೆಟ್ಟಗಿತ್ತು, ಕಿವಿ ಮಾತ್ರ ಪೊಟ್ಟಣದಲ್ಲಿತ್ತು. ನಾನು ಅರವತ್ತರವನು, ಹೆಂಡತಿ ಬಂದು ವಿವರಿಸಿದಳು. ಎಂಬತ್ತೈದರ ಒಬ್ಬಂಟಿಯ ವಿಷಯದಲ್ಲಿ ಅಂಥ ಸಾಲು ಬರೆದರೆ ಅವರಿಗೆ ಕೊಡುವ ಔಷಧವೇ ಬದಲಾಗಬಹುದು. ಅಂದಿನಿಂದ ಆಸ್ಪತ್ರೆಗೆ ಹೋಗುವಾಗ 'ನನಗೆ ಕಿವಿ ಕೇಳುವುದಿಲ್ಲ, ದಯವಿಟ್ಟು ಬರೆದು ತೋರಿಸಿ' ಎಂಬ ರಟ್ಟಿನ ಚೀಟಿಯನ್ನು ಜೊತೆಗಿಟ್ಟುಕೊಳ್ಳುತ್ತೇನೆ. ಥಿಯೇಟರಿಗೆ ಹೋಗುವ ಮೊದಲು ಅದನ್ನು ಮಂಚದ ತಲೆಭಾಗಕ್ಕೆ ಅಂಟಿಸಲು ಹೇಳುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ ಪ್ರಪಂಚದಲ್ಲಿ 150 ಕೋಟಿಗೂ ಹೆಚ್ಚು ಜನರಿಗೆ ಒಂದಲ್ಲ ಒಂದು ಪ್ರಮಾಣದ ಶ್ರವಣ ನಷ್ಟವಿದೆ ಎನ್ನುತ್ತದೆ. ಅವರಲ್ಲಿ 43 ಕೋಟಿ ಜನರಿಗೆ ಚಿಕಿತ್ಸೆಯೋ ಸಾಧನವೋ ಬೇಕು. ನಮ್ಮ ದೇಶದಲ್ಲಿ ಬಡವರಿಗೆ ಉಚಿತವಾಗಿ ಸಾಧನ ಕೊಡುವ ಕೇಂದ್ರದ ಯೋಜನೆ 1981ರಿಂದ ನಡೆಯುತ್ತಿದೆ. ಶಿಬಿರಗಳಲ್ಲಿ ಮಷಿನ್ ಹಂಚುವಾಗ, ಅಂಗಡಿಗಳಲ್ಲಿ ಮಾರುವಾಗ, ಆಡಿಯಾಲಜಿಸ್ಟರು ಕಿವಿಗೆ ಹೊಂದಿಸುವಾಗ ಇನ್ನೆರಡು ಪ್ರಶ್ನೆ ಕೇಳಬೇಕೆಂಬುದು ನನ್ನ ಕಳಕಳಿಯ ಕೋರಿಕೆ. ರಾತ್ರಿ ನಿಮ್ಮ ಜೊತೆ ಮನೆಯಲ್ಲಿ ಯಾರಿರುತ್ತಾರೆ? ಯಾರಿಗಾಗಿ ನೀವು ಏಳಬೇಕಾಗುತ್ತದೆ? ಉತ್ತರ ನೋಡಿಕೊಂಡು ಅದುರುವ ಗಂಟೆಯೋ ಮಿನುಗುವ ದೀಪವೋ, ಏನೂ ಇಲ್ಲದಿದ್ದರೆ ಒಂದು ಸೀರೆಯಂಚೋ, ಮಷಿನ್ನಿನ ಜೊತೆಗೇ ಗೊತ್ತಾಗಲಿ. ಮನೆಯವರಿಗೂ ಎರಡು ಮಾತು. ಕತ್ತಲಲ್ಲಿ ನಿಂತು ಕೂಗಬೇಡಿ, ಎಷ್ಟು ಕೂಗಿದರೂ ತಲುಪುವುದಿಲ್ಲ. ಮೊದಲು ದೀಪ ಹಾಕಿ, ಭುಜವನ್ನೋ ಪಾದವನ್ನೋ ಮೆತ್ತಗೆ ಮುಟ್ಟಿ ಎಬ್ಬಿಸಿ, ನಿಮ್ಮ ಮುಖ ಅವರಿಗೆ ಕಾಣಲಿ, ಆಮೇಲೆ ಮಾತಾಡಿ. ಮಷಿನ್ ಇರುವ ಡಬ್ಬಿಯನ್ನು ಮಾತ್ರ ದಯವಿಟ್ಟು ಇದ್ದ ಜಾಗದಿಂದ ಸರಿಸಬೇಡಿ.